ಡಬ್ಬಿಯ ಮೇಲಿನ ಯುದ್ಧ, ಕಡಲ ತೀರದ ಹಡಗು

ಅಂಕೋಲೆಯಲ್ಲಿ ನಮ್ಮ ಪರಿಚಿತರೊಬ್ಬರ ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ತುಕ್ಕು ಹಿಡಿದ ಮೊಳೆಗಳು, ಹಳೆಯ ಕರೆಂಟ್ ಬಿಲ್ಲುಗಳು, ಗಾಜು ಒಡೆದ ಟಾರ್ಚು. ಮುಚ್ಚಳದ ಮೇಲೆ ಮಾತ್ರ ಮೂವತ್ತು ವರ್ಷಗಳ ಹಿಂದಿನ ಯುದ್ಧವೊಂದು ಇನ್ನೂ ನಡೆಯುತ್ತಿತ್ತು. ಯುದ್ಧವಾಹನವೊಂದು ನೋಡುವವರ ಎದೆಗೇ ನುಗ್ಗಿ ಬರುತ್ತಿದೆ. ಹಿಂದೆ ಕಿತ್ತಳೆ ಬಣ್ಣದ ಸ್ಫೋಟ. ಸೈನಿಕನೊಬ್ಬ ಬಾಗಿ ಗುರಿ ಹಿಡಿದಿದ್ದಾನೆ. 90ರ ದಶಕದಲ್ಲಿ ನಮ್ಮ ಕರಾವಳಿಯ ಕೆಲವು ಮನೆಗಳಿಗೂ ಬಂದಿದ್ದ ಜಿ.ಐ. ಜೋ ಆಟಿಕೆಯ ಡಬ್ಬಿ ಅದು.

ಮನೆಯ ಮಗನಿಗೆ ಈಗ ನಲವತ್ತು ದಾಟಿದೆ. ಒಳಗಿದ್ದ ವಾಹನ ಯಾವಾಗ ಮುರಿಯಿತು, ಯಾರು ಎಸೆದರು ಎಂಬುದು ಅವರಿಗೆ ನೆನಪಿಲ್ಲ. ಚಿತ್ರವನ್ನು ನೋಡಿದ ಕೂಡಲೇ ಮಾತ್ರ ಅವರ ಮುಖ ಹತ್ತು ವರ್ಷದ ಹುಡುಗನ ಮುಖವಾಯಿತು. ಮೊಳೆಗಳನ್ನು ಬೇರೆ ಡಬ್ಬಕ್ಕೆ ಸುರಿದು, ಖಾಲಿ ರಟ್ಟನ್ನು ಒರೆಸಿ ಇಟ್ಟುಕೊಂಡರು. ಆಟಿಕೆ ಹೋದರೂ ಅದರ ಮುಚ್ಚಳ ಉಳಿಯುತ್ತದೆ, ಅದನ್ನು ಎಸೆಯಲು ಮನಸ್ಸಾಗುವುದಿಲ್ಲ. ಇದು ಯಾಕೆ ಎಂಬ ಪ್ರಶ್ನೆ ಕೇಳಲು ಸಣ್ಣದು. ಆದರೆ ಅದರ ಬೆನ್ನು ಹತ್ತಿ ಹೋದರೆ ಅದು ನಮ್ಮನ್ನು ಕಾರವಾರದ ಕಡಲತೀರದವರೆಗೆ ಕರೆದೊಯ್ಯುತ್ತದೆ.

ಮೊದಲು ಈ ಆಟಿಕೆಗಳ ಕತೆಯನ್ನು ಸ್ವಲ್ಪ ನೋಡೋಣ. 1964ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ಗಂಡುಮಕ್ಕಳಿಗಾಗಿ ಸೈನಿಕನ ಬೊಂಬೆಯೊಂದನ್ನು ಮಾರುಕಟ್ಟೆಗೆ ತಂದಿತು. ಬೊಂಬೆ ಎಂದರೆ ಗಂಡುಮಕ್ಕಳ ತಂದೆತಾಯಿಗಳು ಮೂಗು ಮುರಿಯುತ್ತಾರೆ ಎಂಬ ಭಯ ಅದಕ್ಕಿತ್ತು. ಆದ್ದರಿಂದ ಅದನ್ನು ಬೊಂಬೆ ಎನ್ನದೆ 'ಆಕ್ಷನ್ ಫಿಗರ್' ಎಂದು ಕರೆದರು. ಒಂದು ಹೆಸರು ಬದಲಾದದ್ದರಿಂದ ಒಂದು ಉದ್ಯಮವೇ ಹುಟ್ಟಿತು. 1982ರಲ್ಲಿ ಅದೇ ಜಿ.ಐ. ಜೋ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿ ಮತ್ತೆ ಬಂದ. ಸೈನಿಕ ಚಿಕ್ಕವನಾದಾಗ ಅವನಿಗೆ ಜೀಪು, ಟ್ಯಾಂಕು, ನೆಲೆ, ಹಡಗು ಮಾಡಿ ಮಾರುವುದು ಸುಲಭವಾಯಿತು. 1985ರಲ್ಲಿ ಬಂದ ಯು.ಎಸ್.ಎಸ್. ಫ್ಲ್ಯಾಗ್ ಎಂಬ ವಿಮಾನವಾಹಕ ಹಡಗಿನ ಆಟಿಕೆ ಸುಮಾರು ಏಳೂವರೆ ಅಡಿ ಉದ್ದವಿತ್ತು. ನಮ್ಮ ಎಷ್ಟೋ ಮನೆಗಳ ಅಡುಗೆಕೋಣೆಯಲ್ಲಿ ಅದನ್ನು ಬಿಚ್ಚಿಡಲು ಜಾಗವಿಲ್ಲ.

ಈ ಡಬ್ಬಿಗಳ ಚಿತ್ರ ಬರೆದವರು ಸಾಮಾನ್ಯ ಕೈಗಳಲ್ಲ. ಜಿ.ಐ. ಜೋ ಸರಣಿಯ ಆರಂಭದ ವರ್ಷಗಳ ಬಹುಪಾಲು ಚಿತ್ರಗಳು ಹೆಕ್ಟರ್ ಗ್ಯಾರಿಡೊ ಅವರವು. ಮ್ಯಾಟೆಲ್ ಕಂಪನಿಯ ಹೀ-ಮ್ಯಾನ್ ಸರಣಿಯ ಗ್ರೇಸ್ಕಲ್ ಕೋಟೆಯ ಡಬ್ಬಿಗೆ ಚಿತ್ರ ಬರೆದವರು ರೂಡಿ ಒಬ್ರೆರೊ. ತಲೆಬುರುಡೆಯ ಬಾಗಿಲು, ಅದರ ಮೇಲೆ ಕವಿದ ಆಕಾಶ, ಮುಂದೆ ಕಾದಾಡುವ ಮೈಕಟ್ಟಿನ ವೀರರು. ಡಬ್ಬಿ ಬಿಚ್ಚಿದರೆ ಒಳಗಿದ್ದದ್ದು ಹಸಿರು ಪ್ಲಾಸ್ಟಿಕ್ಕಿನ ಎರಡು ಹೋಳು ಮತ್ತು ಒಂದಿಷ್ಟು ಚಿಲ್ಲರೆ ಸಾಮಾನು. ಕೋಟೆಯ ನೆಲಮಾಳಿಗೆಯ ಸೆರೆಮನೆ ಎಂಬುದು ನೆಲಕ್ಕೆ ಅಂಟಿಸುವ ಒಂದು ಸ್ಟಿಕ್ಕರು. ಕಂಬಿಗಳ ಹಿಂದೆ ಇಣುಕುವ ರಾಕ್ಷಸರು ಆ ಸ್ಟಿಕ್ಕರಿನಲ್ಲಿ ಅಚ್ಚಾಗಿದ್ದರು, ಅಷ್ಟೆ.

ಈ ವ್ಯಾಪಾರದ ತುದಿಯನ್ನು 1977ರಲ್ಲಿ ಕೆನ್ನರ್ ಎಂಬ ಕಂಪನಿ ಮುಟ್ಟಿತು. 'ಸ್ಟಾರ್ ವಾರ್ಸ್' ಸಿನಿಮಾ ಗೆದ್ದಿತು, ಕ್ರಿಸ್ಮಸ್ ಹತ್ತಿರ ಬಂತು, ಬೊಂಬೆಗಳು ಮಾತ್ರ ಸಿದ್ಧವಾಗಿರಲಿಲ್ಲ. ಆಗ ಅದು ಚಿತ್ರವಿದ್ದ ರಟ್ಟಿನ ಲಕೋಟೆಯನ್ನೇ ಮಾರಿತು. ಒಳಗೆ ಒಂದು ಚೀಟಿ. ಅದನ್ನು ಅಂಚೆಯಲ್ಲಿ ಕಳಿಸಿದರೆ ಮುಂದಿನ ವರ್ಷ ನಾಲ್ಕು ಬೊಂಬೆಗಳು ಮನೆಗೆ ಬರುತ್ತವೆ ಎಂಬ ಮಾತು. ಬೊಂಬೆಗಳು ಬಂದವು ನಿಜ. ಆದರೆ ಮಕ್ಕಳು ಆ ಹಬ್ಬದಲ್ಲಿ ಕೈಯಲ್ಲಿ ಹಿಡಿದದ್ದು ಬರಿಯ ಚಿತ್ರವನ್ನು.

ನಮ್ಮಲ್ಲಿಗೆ ಇವೆಲ್ಲ ತಡವಾಗಿ, ಸೋಸಿ ಬಂದವು. 80ರ ದಶಕದ ಕೊನೆಯಲ್ಲಿ ದೂರದರ್ಶನದಲ್ಲಿ ಹೀ-ಮ್ಯಾನ್ ಕಾಣಿಸಿಕೊಂಡ. ಅವನ ಬೊಂಬೆಗಳನ್ನು ಲಿಯೋ ಕಂಪನಿ ಇಲ್ಲಿ ತಯಾರಿಸುತ್ತಿತ್ತು. 1987ರಲ್ಲಿ ಎಂ.ಆರ್.ಎಫ್. ಮತ್ತು ಹ್ಯಾಸ್ಬ್ರೋ ಸೇರಿ ಫನ್‌ಸ್ಕೂಲ್ ಆರಂಭವಾಯಿತು. ಅದರ ಕಾರ್ಖಾನೆ ಗೋವಾದಲ್ಲಿ. ಅಂದರೆ ಅಮೆರಿಕದ ವೀರ ಎಂದು ನಾವು ಭಾವಿಸಿದ್ದ ಸೈನಿಕ ಹುಟ್ಟಿದ್ದು ಕಾಳಿ ನದಿ ದಾಟಿ ಉತ್ತರಕ್ಕೆ ಹೋದರೆ ಸಿಗುವ ನೆರೆಯ ರಾಜ್ಯದಲ್ಲಿ! ಅಚ್ಚು ಅಲ್ಲಿಯದು, ಬಣ್ಣ ಇಲ್ಲಿಯದು. ಮೂಲದಲ್ಲಿಲ್ಲದ ಬಣ್ಣದ ಉಡುಪುಗಳು ಇಲ್ಲಿ ತಯಾರಾದ ಬೊಂಬೆಗಳಿಗೆ ಬಂದವು. ಇಂದು ಪರದೇಶದ ಸಂಗ್ರಾಹಕರು ಅದೇ ಕಾರಣಕ್ಕೆ ಅವುಗಳನ್ನು ಹುಡುಕುತ್ತಾರೆ. ಕಾರವಾರ, ಅಂಕೋಲೆಯ ಮಕ್ಕಳಿಗೆ ಬಂಧುಗಳು ಮಡಗಾಂವಿನಿಂದಲೋ ಮುಂಬಯಿಯಿಂದಲೋ ಕೊಲ್ಲಿ ದೇಶಗಳಿಂದಲೋ ತಂದಾಗ ಅವು ಸಿಗುತ್ತಿದ್ದವು. ಉಳಿದವರಿಗೆ ಅಂಗಡಿಯ ಗಾಜಿನ ಹಿಂದಿನ ಚಿತ್ರವೇ ಆಟ.

ಈ ಚಿತ್ರಗಳ ಆಕರ್ಷಣೆ ಎಲ್ಲಿದೆ? ಚಿತ್ರ ಸುಳ್ಳು ಹೇಳುತ್ತದೆ, ಕಂಪನಿ ಮಗುವನ್ನು ಮೋಸಗೊಳಿಸುತ್ತದೆ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ನಮಗೆ ಹಾಗೆ ಅನ್ನಿಸುವುದಿಲ್ಲ. ಒಂದು ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ. ಮುಂಬದಿಯಲ್ಲಿ ಬಣ್ಣದ ಚಿತ್ರ, ಹಿಂಬದಿಯಲ್ಲಿ ಆಟಿಕೆಯ ಫೋಟೋ. ಮುಂದಿನದು ಕನಸು, ಹಿಂದಿನದು ಲೆಕ್ಕ. ಬೇರೆ ಬೊಂಬೆಗಳನ್ನು ಪ್ರತ್ಯೇಕವಾಗಿ ಕೊಳ್ಳಬೇಕು ಎಂಬ ಸಣ್ಣ ಅಕ್ಷರದ ಸೂಚನೆಯೂ ಅಲ್ಲೇ ಇರುತ್ತದೆ. ಎರಡನ್ನೂ ನೋಡಿದ ಮಗುವಿಗೆ ಒಳಗೆ ಸ್ಫೋಟವಿಲ್ಲ, ಸಮುದ್ರವಿಲ್ಲ ಎಂಬುದು ಗೊತ್ತು. ಸಮುದ್ರವನ್ನು ತಾನೇ ತರಬೇಕು ಎಂಬುದೂ ಗೊತ್ತು. ಹಾಸಿಗೆಯ ಹೊದಿಕೆ ಅಲೆಯಾಗುತ್ತದೆ, ಅಕ್ಕಿಯ ಡಬ್ಬ ಬೆಟ್ಟವಾಗುತ್ತದೆ, ಬಾಯಿ ಸ್ಫೋಟದ ಸದ್ದು ಮಾಡುತ್ತದೆ. ಚಿತ್ರಕ್ಕೂ ಪ್ಲಾಸ್ಟಿಕ್ಕಿಗೂ ನಡುವೆ ಇರುವ ಅಂತರವನ್ನು ತುಂಬುವ ಕೆಲಸವೇ ಆಟ.

ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ರಂಗಸ್ಥಳದಲ್ಲಿ ಇರುವುದೇನು? ಒಂದು ಮರದ ಪೀಠ. ಅದಕ್ಕೆ ರಥ ಎಂದೇ ಹೆಸರು. ಅದೇ ಸಿಂಹಾಸನ, ಅದೇ ಬೆಟ್ಟ. ಭಾಗವತರ ಪದ, ವೇಷಧಾರಿಯ ಮಾತು ಕೇಳುತ್ತ ಪ್ರೇಕ್ಷಕರು ಉಳಿದದ್ದನ್ನು ಕಟ್ಟಿಕೊಳ್ಳುತ್ತಾರೆ. ಅಡಿಕೆ ಹಾಳೆಯ ಮೇಲೆ ಒಬ್ಬ ಕೂತು ಇನ್ನೊಬ್ಬ ಎಳೆದರೆ ಅದು ಬಂಡಿಯಾಗುತ್ತಿತ್ತು. ಹಾಳೆಗೆ ಡಬ್ಬಿಯೂ ಇರಲಿಲ್ಲ, ಮುಚ್ಚಳದ ಚಿತ್ರವೂ ಇರಲಿಲ್ಲ. ಗ್ಯಾರಿಡೊ ಮತ್ತು ಒಬ್ರೆರೊ ಮಾಡಿದ್ದು ಭಾಗವತರ ಕೆಲಸ ಎನ್ನಬಹುದು. ಅವರು ಪದ ಎತ್ತಿಕೊಟ್ಟರು, ಕುಣಿದದ್ದು ಮಗು.

ಇಷ್ಟು ಮೆಚ್ಚಿದ ಮೇಲೆ ಈ ಚಿತ್ರಗಳಲ್ಲಿ ಏನಿಲ್ಲ ಎಂಬುದನ್ನೂ ನೋಡಬೇಕು. ಸ್ಫೋಟವಿದೆ, ಸತ್ತವರಿಲ್ಲ. ಶತ್ರುವಿದ್ದಾನೆ, ಅವನಿಗೆ ಮುಸುಕಿದೆ, ಮನೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೈನಿಕ ನೆಲೆ ಇದೆ, ಅದು ನಿಂತ ನೆಲ ಮಾತ್ರ ಯಾರದ್ದೂ ಅಲ್ಲ. ಡಬ್ಬಿಯಿಂದ ತೆಗೆದು ಎಲ್ಲಿ ಇಟ್ಟರೆ ಅಲ್ಲಿ ಅದು ನೆಲೆ. ಅಲ್ಲಿ ಮೊದಲು ಗದ್ದೆ ಇತ್ತೇ, ಬಲೆ ಒಣಗಿಸುವ ಮರಳಿತ್ತೇ, ದೇವಸ್ಥಾನವಿತ್ತೇ, ಕಬರಸ್ತಾನವಿತ್ತೇ ಎಂದು ಯಾವ ಮುಚ್ಚಳವೂ ಕೇಳುವುದಿಲ್ಲ. ಆಟಿಕೆ ಅದನ್ನು ಕೇಳಬೇಕಾಗಿಯೂ ಇಲ್ಲ. ಮಗು ಅಡುಗೆಕೋಣೆಯ ನೆಲದಲ್ಲಿ ನೆಲೆ ಹೂಡಿದರೆ ಊಟದ ಹೊತ್ತಿಗೆ ತಾಯಿ ಎತ್ತಿಡಲು ಹೇಳುತ್ತಾಳೆ. ನೆಲ ಮತ್ತೆ ಮನೆಯವರದ್ದಾಗುತ್ತದೆ.

ಆದರೆ ಎತ್ತಿಡಲಾಗದಷ್ಟು ದೊಡ್ಡ ಆಟದ ಸೆಟ್ಟೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ಐ.ಎನ್.ಎಸ್. ಚಾಪೆಲ್ ನಿಂತಿದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಕ್ಷಿಪಣಿ ನೌಕೆ. ಉದ್ದ ಸುಮಾರು 39 ಮೀಟರ್, ನಾಲ್ಕು ಕ್ಷಿಪಣಿ ಗೂಡುಗಳು, ಹಿಂದೆ ಮುಂದೆ ಫಿರಂಗಿ. 2005ರ ಮೇ ತಿಂಗಳಲ್ಲಿ ನೌಕಾಪಡೆಯ ಸೇವೆಯಿಂದ ನಿವೃತ್ತವಾಗಿ, 2006ರಲ್ಲಿ ವಸ್ತುಸಂಗ್ರಹಾಲಯವಾಯಿತು. ಒಳಗೆ ಇಳಿದರೆ ಇಕ್ಕಟ್ಟಾದ ಓಣಿಗಳು, ಯಂತ್ರಗಳು, ಮತ್ತು ನಾವಿಕರ ಬದುಕನ್ನು ತೋರಿಸಲು ಸಮವಸ್ತ್ರ ತೊಡಿಸಿ ನಿಲ್ಲಿಸಿದ ಆಳೆತ್ತರದ ಬೊಂಬೆಗಳು. ಇದಕ್ಕಿಂತ ಪರಿಪೂರ್ಣವಾದ ಆಕ್ಷನ್ ಫಿಗರ್ ಸೆಟ್ಟು ಯಾವ ಕಾರ್ಖಾನೆಯಿಂದಲೂ ಬಂದಿಲ್ಲ. ಅದಕ್ಕೆ ಜೊತೆಯಾಗಿ ಈಗ ಟುಪೊಲೆವ್-142 ವಿಮಾನವೂ ಇದೆ. 2017ರಲ್ಲಿ ನಿವೃತ್ತವಾದ ಈ ಕಡಲ ಕಣ್ಗಾವಲು ವಿಮಾನವನ್ನು 2023ರಲ್ಲಿ ತಮಿಳುನಾಡಿನ ಅರಕ್ಕೋಣಂನಿಂದ ಬಿಡಿಭಾಗಗಳಾಗಿ ರಸ್ತೆಯಲ್ಲಿ ತಂದು, ಇಲ್ಲಿ ಮತ್ತೆ ಜೋಡಿಸಿದರು. ಡಬ್ಬಿಯಲ್ಲಿ ಬರುವ ಮಾದರಿ ವಿಮಾನವನ್ನು ಜೋಡಿಸಿದ ಹಾಗೆಯೇ.

ನಾವು ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇವೆ. ಅವರ ಸಂತೋಷವನ್ನು ನೋಡಿ ಸಂತೋಷಪಟ್ಟಿದ್ದೇವೆ. ಕಬ್ಬಿಣದ ಏಣಿ ಹತ್ತುವುದು, ಚಕ್ರ ತಿರುಗಿಸುವ ಆಸೆ, ಫಿರಂಗಿಯ ಹತ್ತಿರ ಫೋಟೋ. ಅದನ್ನು ಕಂಡು ಮುಖ ಗಂಟಿಕ್ಕುವ ಅಗತ್ಯವಿಲ್ಲ. ಕಡಲಲ್ಲಿ ದುಡಿದ ಹಡಗೊಂದು ಗುಜರಿಗೆ ಹೋಗದೆ ಮಕ್ಕಳ ಕೈಗೆ ಸಿಕ್ಕಿತಲ್ಲ, ಒಳ್ಳೆಯದೇ. ನಮ್ಮ ತಕರಾರು ಇರುವುದು ಈ ಸೆಟ್ಟಿನ ಮುಚ್ಚಳದ ಬಗ್ಗೆ. ಹಡಗಿನ ಸುತ್ತ ಹರಡಿರುವ ಮಾತುಗಳೇ ಅದರ ಮುಚ್ಚಳ.

ಒಂದು ಉದಾಹರಣೆ ಸಾಕು. ಚಾಪೆಲ್ 1971ರ ಯುದ್ಧದಲ್ಲಿ ಹೋರಾಡಿದ ಹಡಗು ಎಂಬ ಮಾತನ್ನು ಪ್ರವಾಸಿಗರಿಗಾಗಿ ಬರೆದ ಲೇಖನಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ನಡೆದ ದಾಳಿಯಲ್ಲಿ ಕ್ಷಿಪಣಿ ಹಾರಿಸಿದ ನೌಕೆಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಾಪೆಲ್ ನೌಕಾಪಡೆಗೆ ಸೇರಿದ್ದು 1976ರ ನವೆಂಬರಿನಲ್ಲಿ. ಅದೇ ಜಾತಿಯ ಹಡಗು ನಿಜ, ಅಣ್ಣಂದಿರ ಯುದ್ಧವಾದ ಮೇಲೆ ಹುಟ್ಟಿದ ತಮ್ಮ. ಇಪ್ಪತ್ತೆಂಟು ವರ್ಷಕ್ಕೂ ಹೆಚ್ಚು ಕಾಲ ಕಡಲಿನಲ್ಲಿ ಕಾವಲು ಕಾಯ್ದದ್ದೇ ಅದರ ನಿಜವಾದ ಕೆಲಸ. ಆದರೆ ಕಾವಲಿಗೆ ಚಿತ್ರವಿಲ್ಲ. ಕಾಯುವುದನ್ನು ಬಣ್ಣದಲ್ಲಿ ಬರೆಯುವುದು ಕಷ್ಟ. ಆದ್ದರಿಂದ ಹಡಗಿನ ಬೆನ್ನ ಹಿಂದೆ ಯಾರೋ ಒಂದು ಕಿತ್ತಳೆ ಬಣ್ಣದ ಸ್ಫೋಟವನ್ನು ಬರೆದರು. ಆಟಿಕೆಯ ಡಬ್ಬಿಯ ಹಿಂಬದಿಯಲ್ಲಾದರೂ ನಿಜದ ಫೋಟೋ ಇರುತ್ತದೆ. ಈ ಮುಚ್ಚಳಕ್ಕೆ ಹಿಂಬದಿಯೇ ಇಲ್ಲ.

ಹಡಗಿನ ಹತ್ತಿರವೇ ಮೇಜರ್ ರಾಮ ರಾಘೋಬ ರಾಣೆ ಅವರ ಪ್ರತಿಮೆ ಇದೆ. 2006ರ ನವೆಂಬರ್ 7ರಂದು ಅನಾವರಣವಾದದ್ದು. ಕಾರವಾರದ ಹತ್ತಿರದ ಚೆಂಡಿಯಾ ಮೂಲದವರು, 1918ರಲ್ಲಿ ಹುಟ್ಟಿದವರು. ಪರಮವೀರ ಚಕ್ರವನ್ನು ಬದುಕಿದ್ದಾಗಲೇ ಪಡೆದವರಲ್ಲಿ ಮೊದಲಿಗರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಜೌರಿಗೆ ಹೋಗುವ ದಾರಿಯಲ್ಲಿ ಅವರು ಮಾಡಿದ್ದೇನು? ನೆಲಬಾಂಬುಗಳನ್ನು ತೆಗೆದರು, ದಾರಿಗೆ ಅಡ್ಡ ಬಿದ್ದ ಮರಗಳನ್ನು ಸರಿಸಿದರು, ತೊಡೆಗೆ ಗಾಯವಾದ ಮೇಲೂ ಬಿಡದೆ ದಿನಗಟ್ಟಲೆ ರಸ್ತೆ ಮಾಡಿಕೊಟ್ಟರು. ಟ್ಯಾಂಕಿನ ಅಡಿಯಲ್ಲಿ ತೆವಳುತ್ತ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಟ್ಟರು ಎಂದು ಹೇಳುತ್ತಾರೆ. ಒಬ್ಬ ಮನುಷ್ಯ ಮಣ್ಣಿಗೆ ಮುಖ ಹಚ್ಚಿ, ಸ್ಫೋಟವಾಗದಂತೆ ನೋಡಿಕೊಳ್ಳುತ್ತಿದ್ದಾನೆ. ಅವರ ಶೌರ್ಯದ ತಿರುಳೇ ಇದು. ಆಟಿಕೆಯ ಡಬ್ಬಿಯ ಚಿತ್ರಕಾರ ಇದನ್ನು ಬರೆಯಲಾರ. ಅವನಿಗೆ ಸ್ಫೋಟ ಬೇಕು.

ಇನ್ನು ನೆಲದ ಮಾತಿಗೆ ಬರೋಣ. 1986ರ ಅಕ್ಟೋಬರ್ 24ರಂದು ಆಗಿನ ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಶಿಲಾನ್ಯಾಸ ಮಾಡಿದರು. 2005ರ ಮೇ 31ರಂದು ಐ.ಎನ್.ಎಸ್. ಕದಂಬ ನೆಲೆ ಸೇವೆಗೆ ಸೇರಿತು. ಚಾಪೆಲ್ ನಿವೃತ್ತವಾದದ್ದು ಅದೇ ತಿಂಗಳು. ಈ ಎರಡು ದಿನಾಂಕಗಳ ನಡುವೆ ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಕಡಲಂಚಿನ ಊರುಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದು ಹೋದವು. ಮೀನುಗಾರರು, ಗದ್ದೆಯವರು, ತೆಂಗಿನ ತೋಟದವರು. ನಮ್ಮ ಭಾಗದಲ್ಲಿ ಅವರಿಗೆ 'ಸೀಬರ್ಡ್ ನಿರಾಶ್ರಿತರು' ಎಂಬ ಹೆಸರೇ ಖಾಯಂ ಆಯಿತು. ಪರಿಹಾರಕ್ಕಾಗಿ ಅವರು ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದು, ವರ್ಷಗಟ್ಟಲೆ ಕಾದರು. ಕಾಯುತ್ತಲೇ ತೀರಿಕೊಂಡವರಿದ್ದಾರೆ. ಅರಗಾದ ಕಡಲತೀರ ಈಗ ಬೇಲಿಯ ಆಚೆ ಇದೆ.

ದೇಶಕ್ಕೆ ನೌಕಾನೆಲೆ ಬೇಡ ಎಂದು ನಾವು ವಾದಿಸುತ್ತಿಲ್ಲ. ಆ ಕುಟುಂಬಗಳಲ್ಲಿ ಬಹಳ ಮಂದಿಯೂ ಹಾಗೆ ವಾದಿಸಲಿಲ್ಲ. ಅವರು ಕೇಳಿದ್ದು ಹಣ, ನೆಲ, ಉದ್ಯೋಗ ಮತ್ತು ಮರ್ಯಾದೆ. ಇವುಗಳಲ್ಲಿ ಕೊನೆಯದು ಸಂಸ್ಕೃತಿಯ ವಿಷಯ. ಆದ್ದರಿಂದ ಅದು ವಿಮರ್ಶೆಯ ವಿಷಯವೂ ಹೌದು. ಕಾರವಾರದ ಕಡಲತೀರದಲ್ಲಿ ಹಡಗಿದೆ, ವಿಮಾನವಿದೆ, ವೀರನ ಪ್ರತಿಮೆ ಇದೆ. ಅಲ್ಲಿಂದ ದೂರವಿಲ್ಲದ ಶಿಲಾ ಉದ್ಯಾನದಲ್ಲಿ ಹಾಲಕ್ಕಿಗಳು, ಸಿದ್ದಿಗಳು ಮೊದಲಾದ ಜಿಲ್ಲೆಯ ಜನಾಂಗಗಳ ಬದುಕನ್ನು ಆಳೆತ್ತರದ ಮೂರ್ತಿಗಳಲ್ಲಿ ತೋರಿಸಲಾಗಿದೆ. ಜೀವಂತ ಹಾಲಕ್ಕಿ ಹೆಂಗಸರು ಅಂಕೋಲೆಯ ಪೇಟೆಯಲ್ಲಿ ಸೊಪ್ಪು ತರಕಾರಿ ಹರಡಿಕೊಂಡು ಕೂತಿರುತ್ತಾರೆ. ಒಂದು ಸೆಟ್ಟಿನಲ್ಲಿ ಸೈನಿಕರ ಬೊಂಬೆಗಳು, ಇನ್ನೊಂದರಲ್ಲಿ ಜನಪದದ ಬೊಂಬೆಗಳು. ಈ ಎರಡು ಸೆಟ್ಟುಗಳ ನಡುವೆ ಏನು ನಡೆಯಿತು ಎಂಬ ಕತೆ ಯಾವ ಡಬ್ಬಿಯ ಮೇಲೂ ಇಲ್ಲ.

ಹಳೆಯ ಆಟಿಕೆಗಳ ಸಂಗ್ರಾಹಕರ ಲೋಕದಲ್ಲಿ ಒಂದು ವಿಚಿತ್ರ ನಿಯಮವಿದೆ. ಡಬ್ಬಿ ಬಿಚ್ಚದ ಆಟಿಕೆಗೆ ಹೆಚ್ಚು ಬೆಲೆ. ಯಾವ ಮಗುವೂ ಮುಟ್ಟಿಲ್ಲ ಎಂಬುದೇ ಅದರ ಅರ್ಹತೆ. ಆದರೆ ಆಟಿಕೆಯಿಂದ ಮಗು ಕಲಿಯುವುದು ಅದನ್ನು ಬಿಚ್ಚಿದ ಮೇಲೆಯೇ. ಜಿ.ಐ. ಜೋ ಬೊಂಬೆಯ ಸೊಂಟದೊಳಗೆ ಒಂದು ರಬ್ಬರ್ ಉಂಗುರವಿರುತ್ತಿತ್ತು. ಕೆಲವು ವರ್ಷಗಳಲ್ಲಿ ಅದು ಒಣಗಿ ಹರಿಯುತ್ತಿತ್ತು. ವೀರ ಎರಡು ತುಂಡಾಗಿ ಕೈಗೆ ಬರುತ್ತಿದ್ದ. ಮುಚ್ಚಳದ ಮೇಲೆ ಎಂದೂ ಬೀಳದವನು ಅಂಗೈಯಲ್ಲಿ ಮುರಿದು ಬಿದ್ದಿದ್ದಾನೆ. ಯುದ್ಧದ ಬಗ್ಗೆ ಆ ಆಟಿಕೆ ಹೇಳಿದ ಒಂದೇ ಒಂದು ನಿಜ ಅದು, ಅದೂ ಕಂಪನಿಗೆ ಗೊತ್ತಿಲ್ಲದಂತೆ. ನೆನಪನ್ನು ಬಿಚ್ಚದ ಡಬ್ಬಿಯಂತೆ ಕಾಪಾಡುವ ಸಮಾಜಕ್ಕೆ ಈ ಪಾಠ ದಕ್ಕುವುದಿಲ್ಲ. ಅದಕ್ಕೆ ಮುಚ್ಚಳದ ಹೊಳಪೇ ಇತಿಹಾಸ.

ಕಾರವಾರದಿಂದ ದಕ್ಷಿಣಕ್ಕೆ ಬಂದರೆ ಅಂಕೋಲೆ. ಅಲ್ಲಿಯೂ ಒಂದು ಸ್ಮಾರಕವಿದೆ, ಸತ್ಯಾಗ್ರಹ ಸ್ಮಾರಕ ಭವನ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ಉಪ್ಪಿನ ಕಾಯ್ದೆ ಮುರಿದರು. ಮುಂದಿನ ಕರನಿರಾಕರಣೆಯ ಹೋರಾಟದಲ್ಲಿ ಈ ತಾಲೂಕಿನ ರೈತರು ಜಮೀನು ಕಳೆದುಕೊಂಡರು, ಜೈಲಿಗೆ ಹೋದರು. ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಊರಿಗೆ ಬಂದದ್ದು ಹಾಗೆ. ದೇಶಕ್ಕಾಗಿ ನೆಲ ಬಿಡುವುದು ಈ ಕರಾವಳಿಗೆ ಸೀಬರ್ಡ್ ಕಾಲದಲ್ಲಿ ಹೊಸದಾಗಿರಲಿಲ್ಲ. ಆ ಹೋರಾಟದ ಆಟಿಕೆಯನ್ನು ಯಾರೂ ಮಾಡಿಲ್ಲ. ಏನನ್ನು ಮಾಡುತ್ತಾರೆ? ಅದರ ಆಯುಧ ಒಂದು ಹಿಡಿ ಉಪ್ಪು. ಡಬ್ಬಿಯ ಮೇಲೆ ಬರೆದರೆ ಬಿಳಿಯ ಒಂದು ಗುಡ್ಡೆ ಕಾಣುತ್ತದೆ, ಅಷ್ಟೆ. ಆದರೆ ಭವನದ ಮುಂದೆ ನಿಂತ ಮಗುವಿಗೆ ಹೇಳಲು ನಮ್ಮ ಬಳಿ ಕತೆಯಿದೆ. ಕೇಳುವಂತೆ ಹೇಳುವ ಕಲೆಯನ್ನು ನಾವು ಕಲಿಯಲಿಲ್ಲ ಎಂಬುದು ನಮ್ಮ ಲೋಪ. ಗ್ಯಾರಿಡೊ ತನ್ನ ಕೆಲಸವನ್ನು ಶ್ರದ್ಧೆಯಿಂದ ಮಾಡಿದ. ನಾವು ನಮ್ಮದನ್ನು ಮಾಡಲಿಲ್ಲ.

ಹಾಗಾದರೆ ನಾವು ಕೇಳುವುದೇನು? ಹಡಗನ್ನು ತೆಗೆಯಬೇಕೆಂದಲ್ಲ. ಬೊಂಬೆಗಳನ್ನು ಸರಿಸಬೇಕೆಂದೂ ಅಲ್ಲ. ಚಾಪೆಲ್ ಒಳಗೆ ಒಂದು ಗೋಡೆಯಷ್ಟು ಜಾಗ ಸಾಕು. ನೆಲೆ ಬರುವ ಮುಂಚಿನ ಕಡಲತೀರದ ಫೋಟೋಗಳು, ಎದ್ದು ಹೋದ ಊರುಗಳ ಹೆಸರುಗಳು, ಕುಟುಂಬಗಳ ಸಂಖ್ಯೆ, ಒಂದು ಬಲೆ, ಒಂದು ನೇಗಿಲು. ಜೊತೆಗೆ ಹಡಗು ನಿಜಕ್ಕೂ ಎಂದು ಸೇವೆಗೆ ಬಂತು, ಏನು ಮಾಡಿತು ಎಂಬ ನೇರವಾದ ಎರಡು ಸಾಲು. ಡಬ್ಬಿಯ ಮುಂಬದಿಗೆ ಹಿಂಬದಿಯೊಂದು ಬೇಕು, ಇಷ್ಟೇ. ಹಿಂಬದಿಯನ್ನು ಓದಿದ ಮಗುವಿನ ಆಟ ಕೆಡುವುದಿಲ್ಲ ಎಂಬುದು ನಮ್ಮ ಅನುಭವ.

ಈಚೆಗೆ ಚಾಪೆಲ್ ನೋಡಿ ಇಳಿದಾಗ ನಮ್ಮ ಜೊತೆಗಿದ್ದ ಏಳು ವರ್ಷದ ಹುಡುಗ ಮರಳಿನಲ್ಲಿ ಕೂತು ತನ್ನದೇ ಒಂದು ಬಂದರು ಕಟ್ಟಲು ಹತ್ತಿದ. ಐಸ್‌ಕ್ರೀಮಿನ ಕಡ್ಡಿ ಹಡಗಾಯಿತು, ಚಿಪ್ಪುಗಳು ಮನೆಗಳಾದವು. ಹಡಗು ನಿಲ್ಲಿಸಲು ಜಾಗ ಸಾಲಲಿಲ್ಲ. ಅವನು ಚಿಪ್ಪುಗಳನ್ನು ಒಂದೊಂದಾಗಿ ಎತ್ತಿ ದೂರ ಇಟ್ಟ. ಸ್ವಲ್ಪ ಹೊತ್ತು ನೋಡಿ, "ಮಾಮಾ, ಇವರು ಈಗ ಎಲ್ಲಿ ಇರಬೇಕು?" ಎಂದು ಕೇಳಿದ. ಆ ಪ್ರಶ್ನೆಯನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಅವನ ಪಕ್ಕದಲ್ಲಿ ಕೂತು, ಅರಗಾ ಎಂಬ ಊರಿನ ಹೆಸರಿನಿಂದ ಕತೆ ಶುರು ಮಾಡಿದೆವು.